ಉಪ್ಪು ಸಾಕಾ ಅಂತ ಕೇಳಿದೆ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಆಂಟಿ, ಹತ್ತು ವರ್ಷ ಅವನ ಮನೆಯಲ್ಲೇ ಊಟ ಮಾಡಿದ್ದಾಳಲ್ಲ. ಆಮೇಲೆ ಅವನನ್ನ ದ್ವೇಷ ಮಾಡೋದು ಹೇಗೆ?" ಕೇಳಿದ್ದು ಅಕ್ಕನ ಮಗಳ ಗೆಳತಿ, ನಾವೆಲ್ಲ ಓದಿದ್ದ ಒಂದು ಕಾದಂಬರಿಯ ಹುಡುಗಿಯ ಬಗ್ಗೆ. ನಾನು ಚುರುಮುರಿ ಕಲೆಸುತ್ತಿದ್ದೆ. ಉತ್ತರ ಹೇಳಲಿಲ್ಲ. ಒಂದು ಹಿಡಿ ಅವಳ ಕೈಗೆ ಹಾಕಿ "ಉಪ್ಪು ಸಾಕಾ ನೋಡಮ್ಮ" ಅಂದೆ. "ಸಾಕು ಆಂಟಿ" ಅಂದಳು. ಆಮೇಲೆ ಸಂಜೆವರೆಗೂ ಅವಳು ಮಾತೇ ಆಡಲಿಲ್ಲ.

ಅಕ್ಕನ ಮಗಳು ಮೈಸೂರಲ್ಲಿ ನಮ್ಮ ಮನೆಯಲ್ಲೇ ಇದ್ದು ಡಿಗ್ರಿ ಓದುತ್ತಿದ್ದಾಳೆ. ತಿಂಗಳಿಗೊಂದು ಭಾನುವಾರ ಅವಳ ಗೆಳತಿಯರು ಬರುತ್ತಾರೆ, ಎಲ್ಲರೂ ಒಂದೇ ಪುಸ್ತಕ ಓದಿಕೊಂಡು. ಈ ಸಲ ಹಾಲಿ ಬ್ಲ್ಯಾಕ್ ಬರೆದ 'ದಿ ಕ್ರೂಯಲ್ ಪ್ರಿನ್ಸ್'. "ಚಿಕ್ಕಮ್ಮ, ನೀನೂ ಓದು, ನಿಂಗೆ ಖಂಡಿತ ಇಷ್ಟ ಆಗತ್ತೆ" ಅಂತ ಕೈಗೆ ಕೊಟ್ಟಿದ್ದಳು. ಫೇರಿ ಲೋಕ, ರಾಜಕುಮಾರ, ಪ್ರೀತಿ ಅಂದರೆ ನನ್ನ ವಯಸ್ಸಿಗೆ ಏನಿದೆ ಅಂದುಕೊಂಡೇ ಶುರು ಮಾಡಿದೆ. ಮೂರು ರಾತ್ರಿಯಲ್ಲಿ ಮುಗಿಯಿತು. ಓದದೆ ಇರುವವರು, ಕಥೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ. ನಾನು ಕೊನೆಯವರೆಗೂ ಹೇಳುತ್ತೇನೆ.

ಜೂಡ್ ಅಂತ ಒಬ್ಬ ಹುಡುಗಿ. ಏಳು ವರ್ಷದವಳಾಗಿದ್ದಾಗ ಮ್ಯಾಡಾಕ್ ಅನ್ನುವವನು ಮನೆಗೆ ನುಗ್ಗಿ ಅವಳ ಅಪ್ಪ ಅಮ್ಮನನ್ನು ಅವಳ ಕಣ್ಣೆದುರೇ ಕೊಲ್ಲುತ್ತಾನೆ. ಅಮ್ಮ ಹಿಂದೆ ಅವನ ಹೆಂಡತಿಯಾಗಿದ್ದವಳು, ಬಸುರಿಯಾಗಿದ್ದಾಗ ಅವನನ್ನು ಬಿಟ್ಟು ಓಡಿಬಂದವಳು. ದೊಡ್ಡ ಮಗಳು ವಿವಿ ಅವನ ಮಗು. ಜೂಡ್ ಮತ್ತು ಟ್ಯಾರಿನ್ ಅವಳಿ, ಮನುಷ್ಯರ ಮಕ್ಕಳು. ಅವನು ಮೂವರನ್ನೂ ಎತ್ತಿಕೊಂಡು ಫೇರಿ ರಾಜ್ಯ ಎಲ್ಫ್‌ಹೇಮ್‌ಗೆ ಹೋಗಿಬಿಡುತ್ತಾನೆ. ಹೆಂಡತಿಯ ಮಕ್ಕಳು, ಹಾಗಾಗಿ ತನ್ನ ಜವಾಬ್ದಾರಿ ಅನ್ನುವುದು ಅವನ ಲೆಕ್ಕ. ದೊಡ್ಡ ಮನೆತನದ ಮಕ್ಕಳ ಜೊತೆಗೇ ಓದಿಸುತ್ತಾನೆ. ಕತ್ತಿ ಹಿಡಿಯುವುದನ್ನು, ಯುದ್ಧದ ಲೆಕ್ಕಾಚಾರವನ್ನು ಜೂಡ್‌ಗೆ ಅವನೇ ಕಲಿಸುತ್ತಾನೆ. ಅವನು ರೆಡ್‌ಕ್ಯಾಪ್. ಅಂದರೆ ಕೊಂದವರ ರಕ್ತದಲ್ಲಿ ಟೋಪಿ ಅದ್ದುವ ಜಾತಿ. ಅಂಥವನ ಮನೆಯಲ್ಲಿ, ಅವನ ಊಟದ ಮೇಜಿನಲ್ಲಿ, ಅವಳು ಹದಿನೇಳರವರೆಗೆ ಬೆಳೆಯುತ್ತಾಳೆ.

ಆದರೆ ಭಾನುವಾರ ಹುಡುಗಿಯರು ಮಾತಾಡಿದ್ದೆಲ್ಲ ಕಾರ್ಡನ್ ಬಗ್ಗೆ. ಕಿರಿಯ ರಾಜಕುಮಾರ ಅವನು. ತನ್ನ ಗೆಳೆಯರ ಗುಂಪು ಕಟ್ಟಿಕೊಂಡು ಜೂಡ್‌ಗೆ ಕೊಡಬಾರದ ಕಾಟ ಕೊಡುತ್ತಾನೆ. ಆಮೇಲೆ ಒಂದು ದಿನ ಅವನು ಹಾಳೆಯ ತುಂಬ ಅವಳ ಹೆಸರನ್ನೇ ಮತ್ತೆ ಮತ್ತೆ ಬರೆದಿರುವುದು ಜೂಡ್ ಕೈಗೆ ಸಿಗುತ್ತದೆ. ಈ ಹಾಳೆಯ ವಿಷಯಕ್ಕೇ ಮುಕ್ಕಾಲು ಗಂಟೆ ಹೋಯಿತು. ಒಬ್ಬಳು, "ಅವನ ಅಣ್ಣ ಅವನನ್ನ ಹೊಡೆಸೋದು ನೋಡಿದ ಮೇಲೆ ನಂಗೆ ಅವನ ಮೇಲಿನ ಕೋಪ ಹೋಯ್ತು" ಅಂದಳು. ಇನ್ನೊಬ್ಬಳಿಗೆ ಸಿಟ್ಟೇ ಬಂತು. "ಹೊಡೆಸಿಕೊಂಡವನು ಇನ್ನೊಬ್ಬರನ್ನ ಹೊಡೀಬಹುದಾ? ನಮ್ ಕ್ಲಾಸಲ್ಲಿ ಒಬ್ಬ ಹೀಗೆ ಮಾಡಿದ್ರೆ ನೀನು ಸುಮ್ನಿರ್ತಿದ್ಯಾ?" ಅಂತ ಕೇಳಿದಳು. ನನಗೆ ಎರಡನೆಯವಳೇ ಸರಿ ಅನ್ನಿಸಿತು. ಕಾಟ ಕೊಡುವುದು ಒಳಗಿನ ಪ್ರೀತಿಯ ಗುರುತು ಅಂತ ಹುಡುಗಿಯರಿಗೆ ಹೇಳಿಕೊಡುವ ಕಥೆಗಳು ನಮ್ಮಲ್ಲೂ ಬೇಕಾದಷ್ಟಿವೆ, ನಮ್ಮ ಸಿನಿಮಾಗಳಲ್ಲಿ ಇನ್ನೂ ಜಾಸ್ತಿ. ಆದರೆ ಈ ಪುಸ್ತಕಕ್ಕೆ ಅಷ್ಟು ಮಾತ್ರ ಹೇಳಿದರೆ ಅನ್ಯಾಯ. ಜೂಡ್ ಅವನ ಪ್ರೀತಿಗಾಗಿ ಕಾಯುತ್ತಾ ಕೂರುವುದಿಲ್ಲ. ಅವಳಿಗೆ ಬೇಕಾಗಿರುವುದು ಅಧಿಕಾರ. ಯಾರೂ ತನ್ನನ್ನು ಹೆದರಿಸಲಾಗದ ಜಾಗ ಬೇಕು. ಅದಕ್ಕಾಗಿ ಗೂಢಚಾರಳಾಗುತ್ತಾಳೆ, ಕೊಲ್ಲುತ್ತಾಳೆ, ಸುಳ್ಳು ಹೇಳುತ್ತಾಳೆ. ಫೇರಿಗಳಿಗೆ ಸುಳ್ಳು ಹೇಳಲು ಆಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಆ ಲೋಕದಲ್ಲಿ ಅವಳ ಹತ್ತಿರ ಇರುವ ಒಂದೇ ಬಲ ಅದು.

ಟ್ಯಾರಿನ್ ವಿಷಯಕ್ಕೆ ಮಾತ್ರ ಎಲ್ಲರೂ ಒಂದಾದರು. ಜೂಡ್ ಹಿಂದೆ ಸುತ್ತುತ್ತಿದ್ದ ಲಾಕ್ ಅನ್ನುವವನ ಜೊತೆ ತನ್ನ ಮದುವೆ ಗೊತ್ತಾಗಿರುವುದನ್ನು ಟ್ಯಾರಿನ್ ಬಚ್ಚಿಟ್ಟಿದ್ದಳು. "ಒಡಹುಟ್ಟಿದವಳು ಹೀಗೆ ಮಾಡ್ತಾಳಾ" ಅಂತ ಒಟ್ಟಿಗೆ ಬೈದರು. ನನಗೆ ಟ್ಯಾರಿನ್ ಮೇಲೆ ಅಷ್ಟು ಕೋಪ ಬರಲಿಲ್ಲ. ಒಬ್ಬಳು ಕತ್ತಿ ಹಿಡಿದು ಆ ಲೋಕದಲ್ಲಿ ಜಾಗ ಮಾಡಿಕೊಳ್ಳುತ್ತಾಳೆ, ಇನ್ನೊಬ್ಬಳು ಮದುವೆಯಾಗಿ ಮಾಡಿಕೊಳ್ಳುತ್ತಾಳೆ. ಇಬ್ಬರಿಗೂ ಇರುವುದು ಒಂದೇ ಭಯ.

ಆ ಗೆಳತಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳದು ಹಾಸನದ ಕಡೆಯ ಊರು. ಎಲ್ಲರೂ ಕಾರ್ಡನ್ ಬಗ್ಗೆ ಜಗಳವಾಡಿ ಸುಸ್ತಾದ ಮೇಲೆ ಎದ್ದು ಅಡುಗೆಮನೆಗೆ ಬಂದು ಆ ಪ್ರಶ್ನೆ ಕೇಳಿದಳು. ನನ್ನ ಒಬ್ಬಳಿಗೇ ಕೇಳುವಂತೆ, ಮೆಲ್ಲಗೆ. ನಾನು ಉಪ್ಪಿನ ವಿಷಯ ಮಾತಾಡಿ ಮುಗಿಸಿಬಿಟ್ಟೆ.

ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕನ ಮಗಳು ಸುಮ್ನೆ ಮಾತಿಗೆ ಅಂತ ಹೇಳಿದಳು, ಆ ಹುಡುಗಿ ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಂತೆ. ಯಾಕೆ, ಏನು ಅಂತ ಅವಳಿಗೂ ಗೊತ್ತಿಲ್ಲ. ನನ್ನ ಕೈ ನಿಂತೇಹೋಯಿತು.

ಸೋಮವಾರ ಪುಸ್ತಕ ಮತ್ತೆ ತೆಗೆದೆ. ಈ ಸಲ ಕಾರ್ಡನ್ ಇರುವ ಪುಟಗಳನ್ನೆಲ್ಲ ಹಾರಿಸಿ, ಊಟ ತಿಂಡಿ ಬರುವ ಕಡೆಯೆಲ್ಲ ನಿಂತು ಓದಿದೆ. ಎಷ್ಟು ಕಡೆ ಬರುತ್ತದೆ ಅಂದರೆ, ಮೊದಲ ಸಲ ನಾನು ಏನು ಓದಿದೆನೋ ಅನ್ನಿಸಿತು. ಫೇರಿ ಹಣ್ಣು ತಿಂದರೆ ಮನುಷ್ಯರಿಗೆ ಬುದ್ಧಿ ತಪ್ಪುತ್ತದೆ, ಹೇಳಿದ ಹಾಗೆಲ್ಲ ಕುಣಿಯುತ್ತಾರೆ. ಕಾರ್ಡನ್ ಗೆಳೆಯನೊಬ್ಬ ಅದನ್ನು ಜೂಡ್ ಬಾಯಿಗೆ ತುರುಕುತ್ತಾನೆ. ಅಲ್ಲಿ ಮನುಷ್ಯರನ್ನು ಮಾಯೆಯಿಂದ ಕಾಪಾಡುವುದು ಏನು ಗೊತ್ತಾ? ಉಪ್ಪು. ಊಟಕ್ಕೆ ಉಪ್ಪು ಹಾಕಿಕೊಂಡರೆ ಮಾಯೆ ತಟ್ಟುವುದಿಲ್ಲ. ಲೇಖಕಿ ಸುಮ್ಮನೆ ಹುಟ್ಟಿಸಿದ್ದಲ್ಲ ಇದು. ಫೇರಿಗಳು ಕೊಟ್ಟದ್ದನ್ನು ತಿಂದರೆ ಅಲ್ಲೇ ಸಿಕ್ಕಿಬೀಳುತ್ತೀಯ ಅನ್ನುವುದು, ಅವರಿಗೆ ಉಪ್ಪು ಕಬ್ಬಿಣ ಆಗುವುದಿಲ್ಲ ಅನ್ನುವುದು ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಹಳೆಯ ನಂಬಿಕೆಗಳು. ಎಲ್ಫ್‌ಹೇಮ್ ಅನ್ನುವ ಹೆಸರೂ ಆ ಕಡೆಯದೇ. ಅದನ್ನು ಈ ಲೇಖಕಿ ಅಮೆರಿಕದ ಮೇನ್ ರಾಜ್ಯದ ಕಡಲಾಚೆಯ ದ್ವೀಪಗಳಲ್ಲಿ ತಂದಿಟ್ಟಿದ್ದಾರೆ.

ನಮ್ಮಲ್ಲಿ ಉಪ್ಪು ಮಾಡುವ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತೀವಿ. ಅಲ್ಲಿ ಉಪ್ಪು ಬಿಡಿಸುತ್ತದೆ, ಇಲ್ಲಿ ಕಟ್ಟಿಹಾಕುತ್ತದೆ. ಹಳಗನ್ನಡದಲ್ಲಿ ಜೋಳವಾಳಿ ಅನ್ನುವ ಮಾತೇ ಇದೆ, ಒಡೆಯನ ಜೋಳ ತಿಂದ ಋಣಕ್ಕೆ ಅವನಿಗಾಗಿ ಪ್ರಾಣ ಕೊಡುವುದು. ನಮ್ಮೂರುಗಳ ಎಷ್ಟೋ ವೀರಗಲ್ಲುಗಳ ಹಿಂದೆ ಇಂಥ ಕಥೆಗಳಿವೆ. ಕರ್ಣನನ್ನು ಕಂಡರೆ ನಮಗೆ ಕಣ್ಣು ತುಂಬುವುದೂ ಇದಕ್ಕೇ. ತಾನು ಯಾರ ಮಗ ಅಂತ ಗೊತ್ತಾದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಇಂಥ ಮಾತುಗಳನ್ನು ಕೇಳಿಕೊಂಡೇ ಬೆಳೆದ ಆ ಗೆಳತಿಗೆ, ನನಗೂ, ಪುಸ್ತಕದ ಕೊನೆ ಹೇಗೆ ಕಾಣಬೇಕು ಹೇಳಿ. ಜೂಡ್ ವರ್ಷಗಟ್ಟಲೆ ಅಲ್ಲ, ಆದರೆ ಸಾಕಷ್ಟು ದಿನ ವಿಷವನ್ನು ಸ್ವಲ್ಪ ಸ್ವಲ್ಪವೇ ತಿಂದು ಮೈಗೆ ಒಗ್ಗಿಸಿಕೊಂಡಿರುತ್ತಾಳೆ. ಕೊನೆಯಲ್ಲಿ ಮ್ಯಾಡಾಕ್ ಎದುರು ಕೂತು ಇಬ್ಬರ ಲೋಟಕ್ಕೂ ವಿಷ ಹಾಕಿರುತ್ತಾಳೆ. ತಾನೂ ಕುಡಿಯುತ್ತಾಳೆ. ಅವನು ಬೀಳುತ್ತಾನೆ, ಇವಳು ನಿಲ್ಲುತ್ತಾಳೆ. ಕೊಲ್ಲುವುದಿಲ್ಲ. ಅವನು ಕಲಿಸಿದ ಲೆಕ್ಕಾಚಾರದಿಂದಲೇ ಅವನನ್ನು ಸೋಲಿಸಿ, ಪುಟ್ಟ ತಮ್ಮ ಓಕ್ ಕೈಯಿಂದ ಕಾರ್ಡನ್ ತಲೆಗೆ ಕಿರೀಟ ಇಡಿಸುತ್ತಾಳೆ. ಅನ್ನ ಹಾಕಿದವನಿಗೆ ವಿಷ ಹಾಕಿದಳು. ಅಪ್ಪ ಅಮ್ಮನ ಕೊಂದವನಿಗೆ ವಿಷ ಹಾಕಿದಳು. ಎರಡೂ ಒಂದೇ ಲೋಟ.

ನಾನು ಅವತ್ತು ಯಾಕೆ ಉತ್ತರ ಕೊಡಲಿಲ್ಲ ಅಂತ ನನಗೆ ಗೊತ್ತು.

ಅಪ್ಪ ಹೋದಾಗ ನನಗೆ ಹದಿಮೂರು. ಊರು ಅರಸೀಕೆರೆ ಕಡೆ. ಅಪ್ಪನ ಪಾಲಿಗೆ ಬರಬೇಕಿದ್ದ ತೆಂಗಿನ ತೋಟದ ಖಾತೆ ಒಂದೇ ವರ್ಷದಲ್ಲಿ ಚಿಕ್ಕಪ್ಪನ ಹೆಸರಿಗೆ ಆಗಿಹೋಯಿತು. ಅಮ್ಮನ ಹೆಬ್ಬೆಟ್ಟು ಎಲ್ಲಿ, ಯಾವಾಗ ಹಾಕಿಸಿಕೊಂಡರೋ ಅಮ್ಮನಿಗೇ ಗೊತ್ತಿರಲಿಲ್ಲ. ಅಮ್ಮ ಅಕ್ಕನನ್ನು ಕರೆದುಕೊಂಡು ತವರಿಗೆ ಹೋದಳು. ಅಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ಜಾಗ ಇರಲಿಲ್ಲ. ನಾನು ಚಿಕ್ಕಪ್ಪನ ಮನೆಯಲ್ಲೇ ಉಳಿದೆ, ಪಿಯುಸಿ ಮುಗಿಯುವವರೆಗೆ. ಅವರು ನನ್ನನ್ನು ಒಂದು ದಿನವೂ ಹಸಿದು ಮಲಗಿಸಲಿಲ್ಲ. ಟೈಫಾಯಿಡ್ ಬಂದಾಗ ಎರಡು ರಾತ್ರಿ ನಿದ್ದೆಗೆಟ್ಟು ಪಕ್ಕದಲ್ಲಿ ಕೂತಿದ್ದರು. ಫೀಸು ಕಟ್ಟಿದರು. ಸೈಕಲ್ ಕಲಿಸಿದರು. ತಾಲ್ಲೂಕು ಆಫೀಸಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ ಪಹಣಿ ಓದುವುದನ್ನು ಕಲಿಸಿದರು. 9ನೇ ಕಾಲಂನಲ್ಲಿ ಜಮೀನು ಯಾರ ಹೆಸರಲ್ಲಿದೆ ನೋಡು, 11ರಲ್ಲಿ ಋಣ ಏನಾದರೂ ಇದೆಯಾ ನೋಡು, 12ರಲ್ಲಿ ಬೆಳೆ. "ಹೆಣ್ಣುಮಕ್ಕಳಿಗೂ ಇದೆಲ್ಲ ಗೊತ್ತಿರಬೇಕು ಕಣವ್ವ, ಇಲ್ಲಾಂದ್ರೆ ಯಾರಾದ್ರೂ ಮೋಸ ಮಾಡ್ತಾರೆ" ಅಂದಿದ್ದರು. ಇದನ್ನು ಅವರು ಮನಸಾರೆ ಹೇಳಿದ್ದರು ಅಂತ ಇವತ್ತಿಗೂ ನಂಬುತ್ತೇನೆ. ಅದೇ ನನ್ನ ಕಷ್ಟ. ಬರೀ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭ ಆಗುತ್ತಿತ್ತು.

ಮ್ಯಾಡಾಕ್ ಪಾತ್ರ ನನ್ನನ್ನು ಅಲುಗಾಡಿಸಿದ್ದು ಇಲ್ಲಿ. ಲೇಖಕಿ ಅವನನ್ನು ನಟಿಸುವವನಾಗಿ ಮಾಡಿಲ್ಲ. ಅವನ ಪ್ರೀತಿ ಸುಳ್ಳಲ್ಲ. ಕೊಂದದ್ದೂ ಸುಳ್ಳಲ್ಲ. ಅವನಿಗೆ ಅವೆರಡರ ನಡುವೆ ಏನೂ ತೊಡಕೇ ಕಾಣುವುದಿಲ್ಲ. ತೊಡಕೆಲ್ಲ ಊಟ ಮಾಡಿದವಳದ್ದು.

ಇಪ್ಪತ್ತಾರನೇ ವಯಸ್ಸಿನಲ್ಲಿ, ಅಮ್ಮನ ಪರವಾಗಿ, ಆ ಖಾತೆಗೆ ತಕರಾರು ಹಾಕಿದ್ದು ನಾನೇ. ಯಾವ ಕಾಗದ ಕೇಳಬೇಕು, ಎಲ್ಲಿ ನೋಡಬೇಕು ಅಂತ ನನಗೆ ಗೊತ್ತಿತ್ತು, ಕಲಿಸಿದವರು ಅವರೇ ಅಲ್ವಾ. ವಿಚಾರಣೆಯ ದಿನ ಆಫೀಸಿನ ವರಾಂಡದಲ್ಲಿ ಎದುರುಬದುರು ನಿಂತಿದ್ದೆವು. ಮಧ್ಯಾಹ್ನ ಎರಡು ದಾಟಿತ್ತು. ಅವರು ನನ್ನನ್ನು ನೋಡಿ, "ಊಟ ಆಯ್ತೇನವ್ವ?" ಅಂದರು. ಚುಚ್ಚುವುದಕ್ಕೆ ಕೇಳಿದ್ದಲ್ಲ ಅದು. ನಾನು ಯಾವಾಗಲೂ ಹೊತ್ತಿಗೆ ಸರಿಯಾಗಿ ತಿನ್ನದ ಹುಡುಗಿ, ಅವರು ಯಾವಾಗಲೂ ಕೇಳುತ್ತಿದ್ದರು. ನಾನು "ಆಯ್ತು" ಅಂದೆ. ಆಗಿರಲಿಲ್ಲ. ಅರ್ಧ ಜಮೀನು ನಮಗೆ ಬಂತು. ಚಿಕ್ಕಪ್ಪ ಮತ್ತೆ ನಮ್ಮ ಮನೆಗೆ ಬರಲಿಲ್ಲ. ತೀರಿಕೊಂಡಾಗ ಹೋಗಿದ್ದೆ. ಬಾಯಿಗೆ ನೀರು ಬಿಟ್ಟು ಬಂದೆ.

ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸಿಲ್ಲ. ಅಮ್ಮನ ಪಾಲು ಅಮ್ಮನಿಗೆ ಬರಲೇಬೇಕಿತ್ತು. ಆದರೆ ಅನ್ನದ ಋಣ ಅಂತ ಬಂಧುಗಳು ಮದುವೆ ಮುಂಜಿಗಳಲ್ಲಿ ಪಿಸುಗುಟ್ಟಿದ್ದು ಈಗಲೂ ಕಿವಿಯಲ್ಲಿದೆ. ಅನಾಥ ಮಗುವಿಗೆ ಹಾಕಿದ ಅನ್ನವನ್ನು ಸಾಲ ಅಂತ ಯಾಕೆ ಲೆಕ್ಕ ಹಿಡಿಯಬೇಕು ಅಂತ ಅವರನ್ನು ಕೇಳಬೇಕಿತ್ತು. ಹದಿಮೂರರ ಹುಡುಗಿ, ಏಳರ ಹುಡುಗಿ ಸಾಲಪತ್ರಕ್ಕೆ ಸಹಿ ಹಾಕಿರುವುದಿಲ್ಲ. ಹಾಗಂತ ಇಷ್ಟು ಹೇಳಿಬಿಟ್ಟರೆ ಆ ಟೈಫಾಯಿಡ್‌ನ ಎರಡು ರಾತ್ರಿಗಳನ್ನು ಎಲ್ಲಿ ಇಡಲಿ? ಅದಕ್ಕೆ ನನ್ನ ಹತ್ತಿರ ಈಗಲೂ ಜಾಗ ಸಿಕ್ಕಿಲ್ಲ.

ಆ ಹುಡುಗಿಯ ಮನೆಯಲ್ಲಿ ಏನು ನಡೆದಿದೆಯೋ ನನಗೆ ಗೊತ್ತಿಲ್ಲ. ಏನೂ ನಡೆಯದೆಯೂ ಇರಬಹುದು. ಆದರೆ ಎಲ್ಲರೂ ರಾಜಕುಮಾರನ ಬಗ್ಗೆ ಮಾತಾಡುವಾಗ ಒಬ್ಬಳು ಮಾತ್ರ ಊಟದ ಮೇಜನ್ನು ನೋಡಿದ್ದಾಳೆ. ಅಷ್ಟು ಓದುವವಳು ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕು. "ದ್ವೇಷ ಮಾಡದೇನೂ ಎದುರು ನಿಲ್ಲಬಹುದಮ್ಮ, ನಿಂತ ಮೇಲೂ ಅವರು ನೆನಪಾಗಬಹುದು, ಎರಡೂ ನಿಂದೇ" ಅಂತ ಹೇಳಬಹುದಿತ್ತು. ಬುಧವಾರ ಬಸ್ಸಿನಲ್ಲಿ ಹೊಳೆದ ಮಾತು ಇದು. ಭಾನುವಾರ ಬಾಯಿಗೆ ಬಂದದ್ದು ಉಪ್ಪು.

ನಿನ್ನೆ ಅಕ್ಕನ ಮಗಳ ಹತ್ತಿರ ಅವಳ ನಂಬರ್ ಇಸಕೊಂಡು ಮೆಸೇಜ್ ಹಾಕಿದೆ. ಎರಡನೇ ಭಾಗ ನಮ್ಮನೆಯಲ್ಲಿದೆ, ಬೇಕಿದ್ದರೆ ಬಂದು ತಗೊಂಡು ಹೋಗು, ಅವತ್ತು ನೀನು ಕೇಳಿದ್ದಕ್ಕೆ ನಾನು ಉತ್ತರ ಹೇಳಲಿಲ್ಲ ಅಂತ ಬರೆದೆ. ತುಂಬ ಹೊತ್ತು ಏನೂ ಬರಲಿಲ್ಲ. ರಾತ್ರಿ ಹತ್ತರ ಮೇಲೆ, "ಶನಿವಾರ ಬರ್ಲಾ ಆಂಟಿ? ಬೇರೆ ಯಾರೂ ಇರಲ್ಲ ಅಲ್ವಾ?" ಅಂತ ಬಂತು.

ಯಾರೂ ಇರಲ್ಲ, ಊಟಕ್ಕೇ ಬಾ ಅಂತ ಬರೆದು, 'ಊಟಕ್ಕೇ' ಅನ್ನುವುದನ್ನು ಅಳಿಸಿ, ಬಾ ಅಂತಷ್ಟೇ ಕಳಿಸಿದೆ.