ಸೈಕಲ್ ಎಣಿಸೋಕೆ ಕೂತ ಶನಿವಾರ

ಕೋಪನ್‌ಹೇಗನ್‌ಗೆ ಬಂದ ಹೊಸತರಲ್ಲಿ ಸೈಕಲ್ ದಾರಿಗೆ ಅಡ್ಡವಾಗಿ ಎರಡು ಕಪ್ಪು ರಬ್ಬರ್ ಪೈಪ್ ಹಾಕಿದ್ದು ಕಂಡೆ. ಯಾರೋ ಗಿಡಕ್ಕೆ ನೀರು ಬಿಟ್ಟು ಪೈಪ್ ಸುತ್ತಿಡೋದು ಮರೆತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಸೈಕಲ್ ಎಣಿಸುವ ಪೈಪ್! ಚಕ್ರ ಹತ್ತಿದರೆ ಒಳಗಿನ ಗಾಳಿ ಪಕ್ಕದ ಡಬ್ಬಿಗೆ ತಟ್ಟುತ್ತದೆ. ಯಾವ ಪೈಪು ಮೊದಲು, ಎರಡನೆಯದು ಎಷ್ಟು ಹೊತ್ತಿಗೆ ಅನ್ನುವುದರಿಂದ ದಿಕ್ಕು, ವೇಗ ಎರಡೂ ಸಿಗುತ್ತವೆ. ಇಬ್ಬರು ಮಾತಾಡಿಕೊಂಡು ಅಕ್ಕಪಕ್ಕ ಹೋದರೆ ಮಾತ್ರ ಡಬ್ಬಿಗೆ ಗೊಂದಲ.

ಇಲ್ಲಿ ಎಣಿಸೋದು ಅಂದರೆ ಒಂಥರಾ ಚಟ. ನಗರಾಡಳಿತ 1995ರಿಂದ ಸೈಕಲ್‌ಗೆಂದೇ ಲೆಕ್ಕದ ವರದಿ ತರುತ್ತಿದೆ. ಅದರಲ್ಲಿ ಎಷ್ಟು ಜನ ಓಡಿಸುತ್ತಾರೆ ಅನ್ನೋದರ ಜೊತೆಗೆ, ಓಡಿಸುವಾಗ ಭಯ ಆಗುತ್ತಾ ಅಂತಲೂ ಕೇಳಿರುತ್ತಾರೆ. ನನಗೆ ಹಿಡಿಸಿದ್ದು ಈ ಎರಡನೇ ಪ್ರಶ್ನೆ.

ಡ್ರೋನಿಂಗ್ ಲೂಯಿಸಸ್ ಸೇತುವೆ ಮೇಲೆ ದಿನಕ್ಕೆ ಸುಮಾರು 40,000 ಸೈಕಲ್ ಓಡುತ್ತವೆ. ಕೇಳಿದರೆ ಬಾಯಿ ಬಿಡುವಂಥ ಸಂಖ್ಯೆ. ಆದರೆ ಸೇತುವೆ ದಾಟಿದ ಮೇಲೆ ಅವರು ಯಾವ ಕಡೆ ಹೊರಳಿದರು, ಎಲ್ಲಿ ನಿಂತರು, ಎಲ್ಲಿ ಫುಟ್‌ಪಾತ್ ಹತ್ತಿದರು? ಪೈಪ್‌ಗೆ ಅದೆಲ್ಲ ತಿಳಿಯುವುದಿಲ್ಲ. 2012ರಲ್ಲಿ ಕೋಪನ್‌ಹೇಗನೈಜ್ ಎಂಬ ಸಂಸ್ಥೆ ಒಂದು ಸಿಗ್ನಲ್‌ನಲ್ಲಿ 12 ಗಂಟೆ ವೀಡಿಯೊ ಹಿಡಿದು, 16,000ಕ್ಕೂ ಜಾಸ್ತಿ ಸವಾರರು ಹೋದ ದಾರಿಗಳನ್ನು ಗೆರೆಗಳಾಗಿ ಬರೆಯಿತು. ನಮ್ಮ ಹೊಲದ ನಡುವೆ ಜನ ನಡೆದೂ ನಡೆದೂ ಕಾಲುದಾರಿ ಮೂಡುತ್ತದಲ್ವಾ, ಹಾಗೆ. ಬಹುಪಾಲು ಜನ ನಿಯಮದಂತೆ ಹೋದವರೇ. ಉಳಿದವರು ಎಲ್ಲಿ ನಿಯಮ ಮುರಿದರು ಅಂತ ನೋಡಿದರೆ, ರಸ್ತೆ ಎಲ್ಲಿ ಸರಿಯಿಲ್ಲ ಅನ್ನೋದೂ ಕಾಣುತ್ತದೆ.

ನನಗೂ ಆಸೆಯಾಯಿತು. ಒಂದು ಶನಿವಾರ ಸಿಗ್ನಲ್ ಹತ್ತಿರದ ಬೆಂಚಿನ ಮೇಲೆ ಹಾಳೆ, ಪೆನ್ಸಿಲ್ ಹಿಡಿದು ಕೂತೆ. ಇದೇ ಊರಿನ ವಾಸ್ತುಶಿಲ್ಪಿ ಯಾನ್ ಗೇಲ್ ನಡೆದಾಡುವವರನ್ನು ಎಣಿಸಿದ್ದೂ ಹೀಗೇ, ಗಂಟೆಗೆ ಹತ್ತು ನಿಮಿಷ. ಚಿಕ್ಕಂದಿನಲ್ಲಿ ತುಮಕೂರು ರಸ್ತೆ ಪಕ್ಕ ಮರದ ನೆರಳಲ್ಲಿ ಕೂತು, ಲಾರಿ, ಬಸ್ಸು, ಎತ್ತಿನಗಾಡಿ ಅಂತ ಗೀಟು ಹಾಕುತ್ತಿದ್ದ ಹುಡುಗರೂ ನೆನಪಾದರು. ಅವರಿಗೆ ಎಷ್ಟು ಬೋರಾಗಿರಬೇಕು!

ನನ್ನ ಹಾಳೆಯಲ್ಲಿ ಎರಡೇ ಕಾಲಂ: ನೆಟ್ಟಗೆ ಹೋದವರು, ಎಡಕ್ಕೆ ತಿರುಗಿದವರು. ಇಲ್ಲಿ ಗಾಡಿ ಓಡೋದು ಬಲಬದಿಯಲ್ಲಿ, ಹಾಗಾಗಿ ಎಡತಿರುವೇ ಕಷ್ಟದ್ದು. ಸೈಕಲ್ ಸವಾರರು ನಡುರಸ್ತೆಯಲ್ಲಿ ಓರೆಯಾಗಿ ಹೊರಳುವ ಹಾಗಿಲ್ಲ. ನೆಟ್ಟಗೆ ದಾಟಿ, ಆಚೆ ಮೂಲೆಯಲ್ಲಿ ನಿಂತು, ಮತ್ತೆ ಹಸಿರು ದೀಪಕ್ಕೆ ಕಾಯಬೇಕು.

ಐದನೇ ನಿಮಿಷಕ್ಕೇ ನನ್ನ ಲೆಕ್ಕ ಕೆಟ್ಟಿತು. ಒಬ್ಬ ಹೆಂಗಸು ಸಿಗ್ನಲ್ ಹತ್ತಿರ ಸೈಕಲ್‌ನಿಂದ ಇಳಿದು, ತಳ್ಳಿಕೊಂಡು ಜೀಬ್ರಾ ಪಟ್ಟೆ ದಾಟಿ, ಆ ಕಡೆ ಮತ್ತೆ ಹತ್ತಿ ಎಡಕ್ಕೆ ಹೋದರು. ಇವರನ್ನು ಎಲ್ಲಿ ಬರೆಯೋದು? ಸವಾರಳೋ, ಪಾದಚಾರಿಯೋ? ಸುಮ್ನೆ ಅಂಚಿನಲ್ಲಿ ಮೂರನೇ ಕಾಲಂ ಗೀಚಿದೆ. ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಅಲ್ಲೂ ನಾಲ್ಕು ಗೀಟು, ಅದರ ಮೇಲೊಂದು ಅಡ್ಡಗೀಟು ಬಿದ್ದಿತ್ತು.