ಮ್ಯಾಳಗಿ ಮ್ಯಾಲ ಕರಲು ಮಣ್ಣು

ಇವತ್ತ ಮುಂಜಾನೆ ಬಾಗಲಕೋಟಿ ಕಡೆ ಒಂದ ಓಣ್ಯಾಗ ಮ್ಯಾಳಗಿಗೆ, ಅಂದ್ರ ಮನಿ ಮ್ಯಾಲಿನ ಮಣ್ಣಿನ ಚಾವಣಿಗೆ, ಮಣ್ಣ ಏರಸಾಕತ್ತಿದ್ರು. ಮಳಿಗಾಲದ ತಯಾರಿ.

ಎರಿ (ಕಪ್ಪು) ಮಣ್ಣಲ್ಲ, ಕರಲು, ಅಂದ್ರ ಕ್ಷಾರದ ಮಣ್ಣು. ಎರಿ ಬ್ಯಾಸಗ್ಯಾಗ ಬಿರಿತೈತಿ, ಮೊದಲ ಮಳಿ ಸೀದಾ ಒಳಗ. ಕರಲು ನೀರ ಬಿದ್ದ ಕೂಡ್ಲೇ ಉಬ್ಬಿ ಸಂದಿ ಮುಚ್ಚತೈತಿ, ಹುಲ್ಲೂ ಲಗೂನ ಏಳೂದಿಲ್ಲ. ಹುಲ್ಲ ಎದ್ರ ಬೇರಿನ ಗುಂಟ ನೀರ ಇಳಿದು ಜಂತಿ ಕೊಳಿತಾವು. ಹರವಿ, ಬಡದು, ಇಳಿಜಾರು ನೀರ ಹೊರಗ ಬಿಡೂ ಹರನಾಳಿಗಿ ಕಡೆ. ನಡುವ ಒಂದ ತಗ್ಗ ಉಳೀತು ಅಂದ್ರ ಅಲ್ಲೇ ಸೋರೂದು.

ಮನಿ ಹಿಂಗ ಜ್ವಾಕಿ ಮಾಡೂದ ನೋಡಿ ಜಪಾನ್ ನೆನಪಾತು. ಅಲ್ಲಿ ಕಟಗಿ ಮನಿಗೆ ತೆರಿಗಿ ಲೆಕ್ಕದಾಗ ಆಯುಷ್ಯ 22 ವರ್ಷ. ಆಮ್ಯಾಲ ಬೆಲಿ ಬಹುತೇಕ ಜಾಗಾಕ್ಕಷ್ಟ. ಕೊಂಡಾವ್ರು ಭಾಳ ಸಲ ಕೆಡವಿ ಹೊಸಾದ ಕಟ್ಟತಾರ.

ಸಿಂಗಪುರದಾಗ ಸರಕಾರಿ ಫ್ಲ್ಯಾಟು ಸ್ವಂತದ್ದು ಅಂದ್ರ 99 ವರ್ಷದ ಲೀಸು.

ಜರ್ಮನ್ಯಾಗ ಹತ್ರಹತ್ರ ಅರ್ಧ ಮಂದಿ ಬಾಡಿಗಿ ಮನ್ಯಾಗ. ಮಜಾ ಏನಂದ್ರ, ಎಷ್ಟೋ ಬಾಡಿಗಿ ಮನ್ಯಾಗ ಅಡಗಿಮನಿ ಬರೇ ಖಾಲಿ ಖೋಲಿ. ಸಿಂಕು, ಕಪಾಟು ಎಲ್ಲಾ ಬಾಡಿಗಿದಾರ್ರೇ ತಂದು ಕೂಡಸ್ತಾರ, ಬಿಡೂಮುಂದ ಬಿಚ್ಕೊಂಡ ಹೋಗ್ತಾರ. ನಮ್ಮ ಕಡಪಾ ಕಲ್ಲಿನ ಅಡಗಿ ಕಟ್ಟಿ ಯಾರ ಹೊರತಾರ?

ನಮ್ಮಲ್ಲಿ ಮನಿ ಗಟ್ಟಿ, ಸೋರೂದು ಕಾಗದ. ಉತಾರ (ಮನಿ ದಾಖಲೆ) ಇನ್ನೂ ಮುತ್ಯಾನ ಹೆಸರಿಲೆ. ಹಳ್ಯಾಗ ಮನಿ ಮಾರಾಕ ಪಂಚಾಯ್ತಿ ಕೊಡೂ ಇ-ಸ್ವತ್ತು ಖಾತಾ ಕಾಗದ ಬೇಕು. ಅದಕ್ಕೂ ಮೊದಲ ವಾರಸಾ ಆಗಿ ಹೆಸರ ಬದಲಾಗಬೇಕು, ಚಕ್ಕಬಂದಿ (ನಾಕೂ ದಿಕ್ಕಿನ ಗಡಿ) ಹೊಂದಬೇಕು. ಮೂಡಲಕ್ಕ ರಸ್ತೆ ಅಂತ ಇರಬೇಕಾದಲ್ಲಿ ಬಾಜೂದವ್ರ ಹೆಸರ ಬಿದ್ದಿದ್ರ ಮುಗೀತು, ತಿದ್ದುಪಡಿಗೆ ತಿರಗ್ಯಾಟ ಚಾಲೂ.

ಮಣ್ಣ ಹೊರಾವ್ರ ಚಿಂತಿ ಬ್ಯಾರೇನ ಇತ್ತು. ಕರಲು ತರೂ ಜಾಗಾದಾಗ ಈಗ ಪ್ಲಾಟ್ ಬಿದ್ದಾವಂತ.