ಫ್ಯಾನಿಗಿಂತ ಕೈಗೇ ಜಾಸ್ತಿನಾ?

ಕಂಪ್ಯೂಟರಿನ ಪ್ರೊಸೆಸರ್ ಫ್ಯಾನ್ ಕೆಟ್ಟಿತ್ತು. ಇಲ್ಲಿ ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಒಂದು ಅಂಗಡಿಗೆ ಫೋನ್ ಮಾಡಿ ಕೇಳಿದೆ. ಫ್ಯಾನಿಗೆ 18 ಯೂರೊ, ಹಾಕಿಕೊಡೋದಕ್ಕೆ 65 ಯೂರೊ ಅಂದರು. ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ತಲೆ ಎತ್ತಿ ಕೇಳಿದಳು: "ಅಮ್ಮಾ, ಹಾಗಾದ್ರೆ ಫ್ಯಾನಿಗಿಂತ ಕೈಗೇ ಜಾಸ್ತಿನಾ?"

ಹೌದು ಅಂದೆ. ಅವಳು ಮತ್ತೆ ಚಿತ್ರಕ್ಕೆ ತಿರುಗಿದಳು. ಇಲ್ಲೇ ಹುಟ್ಟಿ ಬೆಳೆದವಳು, ಅದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ 2024ರ ಜನವರಿಯಿಂದ ಕನಿಷ್ಠ ಕೂಲಿಯನ್ನು ಗಂಟೆ ಲೆಕ್ಕದಲ್ಲೇ ಕಾನೂನು ಮಾಡಿದರು. ಆಗ ಅದು ಇಪ್ಪತ್ತೊಂದು ತುಂಬಿದವರಿಗೆ ಗಂಟೆಗೆ 13.27 ಯೂರೊ, ಅಂದರೆ ಸಾವಿರದ ಇನ್ನೂರು ರೂಪಾಯಿಯ ಆಸುಪಾಸು. ಕಸ ಗುಡಿಸಿದರೂ ಅಷ್ಟು, ಪೆಟ್ಟಿಗೆ ಹೊತ್ತರೂ ಅಷ್ಟು. ಅದಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ.

ಫ್ಯಾನ್ ಕೊಂಡು ತಂದು, ಸಿಪಿಯು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಡಾವಣೆಯ ರಿಪೇರಿ ಕೆಫೆಗೆ ಹೋದೆವು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಪದ್ಧತಿ ಇದು. ಕೆಲಸ ಬಲ್ಲವರು ಬಿಡುವಿನಲ್ಲಿ ಬಂದು ಕೂರುತ್ತಾರೆ, ಕೆಟ್ಟಿದ್ದನ್ನು ನಮ್ಮ ಜೊತೆ ಕೂತೇ ಸರಿ ಮಾಡುತ್ತಾರೆ. ನಮಗೆ ಸಿಕ್ಕವರು ನಿವೃತ್ತ ಎಂಜಿನಿಯರ್ ಒಬ್ಬರು. ಪ್ರೊಸೆಸರಿನ ಬಿಸಿ ಎಳೆದುಕೊಳ್ಳೋ ಹೀಟ್ ಸಿಂಕ್ ಬಿಚ್ಚಿದರೆ ಅದರ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲೆಲ್ಲ ಧೂಳು ಹೆಣೆದುಕೊಂಡಿತ್ತು. ಅದರ ಕೆಳಗೆ ಬಿಸಿ ದಾಟಿಸಲು ಹಚ್ಚಿದ್ದ ಪೇಸ್ಟ್ ಒಣಗಿ ಚಕ್ಕೆ ಏಳುತ್ತಿತ್ತು. ಸ್ಪಿರಿಟ್ ಹಾಕಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟರು. ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡಲಿಲ್ಲ. ಈ ಮೂಲೆಯದು ಸ್ವಲ್ಪ, ಎದುರು ಮೂಲೆಯದು ಸ್ವಲ್ಪ. ಒತ್ತಡ ಒಂದೇ ಸಮ ಬೀಳಬೇಕಲ್ವಾ? ನಾಲ್ಕು ತಂತಿಯ ಪ್ಲಗ್ ಮಗಳ ಕೈಯಲ್ಲೇ ಹಾಕಿಸಿದರು. ಆ ನಾಲ್ಕನೇ ತಂತಿಯಲ್ಲೇ ಮದರ್‌ಬೋರ್ಡು ಫ್ಯಾನಿಗೆ ಎಷ್ಟು ಜೋರಾಗಿ ತಿರುಗಬೇಕು ಅಂತ ಹೇಳೋದಂತೆ. ಆನ್ ಮಾಡಿದಾಗ 'ಸಿಪಿಯು ಫ್ಯಾನ್ ಎರರ್' ಬರಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿ ನನಗೆ ಶಿವಮೊಗ್ಗದ ದುರ್ಗಿಗುಡಿಯ ಒಬ್ಬ ಹುಡುಗ ನೆನಪಾದ.

ನಮ್ಮದು ತೀರ್ಥಹಳ್ಳಿ ಕಡೆ ಮನೆ. ಮಳೆಗಾಲದಲ್ಲಿ ಪುಸ್ತಕಕ್ಕೂ ಬೂಷ್ಟು ಬರುತ್ತಿತ್ತು, ಇನ್ನು ಕಂಪ್ಯೂಟರ್ ಏನು ಲೆಕ್ಕ? ತೇವಕ್ಕೆ ಧೂಳು ಅಂಟಿಕೊಂಡು ಫ್ಯಾನ್ ಗರಗರ ಅನ್ನುತ್ತಿತ್ತು. ಅಪ್ಪ ಸಿಪಿಯು ತೊಡೆಯ ಮೇಲಿಟ್ಟುಕೊಂಡು ಮಂಡಗದ್ದೆ, ಗಾಜನೂರು ದಾಟಿ ಬಸ್ಸಲ್ಲಿ ಹೋಗುತ್ತಿದ್ದರು, ಜೊತೆಗೆ ನಾನು. ಆ ಹುಡುಗ ಹೊಸ ಫ್ಯಾನ್ ಹಾಕಿ ಅಂತ ಹೇಳುತ್ತಲೇ ಇರಲಿಲ್ಲ. ಫ್ಯಾನಿನ ನಡುವೆ ಅಂಟಿಸಿದ್ದ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ, ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ ಬಿಡುತ್ತಿದ್ದ. ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದ. ಸದ್ದು ಪೂರ್ತಿ ಹೋಗೋವರೆಗೂ ಬಿಡುತ್ತಿರಲಿಲ್ಲ. ಐವತ್ತು ರೂಪಾಯಿ ಕೊಡಿ ಅಂದರೆ ಅಪ್ಪ, "ಒಂದು ಹನಿ ಎಣ್ಣೆಗೆ ಐವತ್ತಾ ಮಾರಾಯ?" ಅಂತ ಮೂವತ್ತಕ್ಕೆ ಇಳಿಸುತ್ತಿದ್ದರು. ಅವನು ನಕ್ಕು ತಗೊಳ್ಳುತ್ತಿದ್ದ.

ಅಪ್ಪ ಜಿಪುಣರಲ್ಲ. ಬಂದವರಿಗೆ ಊಟ ಹಾಕದೆ ಕಳಿಸಿದವರೇ ಅಲ್ಲ. ಆದರೆ ಸಾಮಾನಿಗೆ ಬೆಲೆ ಉಂಟು, ಕೈಗೆ ಇಲ್ಲ ಅನ್ನೋದು ನಮ್ಮೂರಲ್ಲಿ ಎಲ್ಲರಿಗೂ ರೂಢಿ. ಆ ಹುಡುಗನಷ್ಟು ಕಿವಿಯಿಟ್ಟು ಕೆಲಸ ಮಾಡಿದವರನ್ನು ನಾನು ಇಲ್ಲೂ ಕಂಡಿಲ್ಲ. ಅವನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇದನ್ನು ನೆನೆದರೆ ನಿಜಕ್ಕೂ ಸಂಕಟ ಆಗುತ್ತದೆ.

ತೋಟದಲ್ಲೂ ಹೀಗೇ ಆಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಕೊನೆ ಅಂದರೆ ಅಡಿಕೆ ಗೊನೆ ತೆಗೆಯಲು ಜಾರುವ ಅಡಿಕೆ ಮರ ಹತ್ತುವ ಕೊನೆಗಾರನಿಗೆ ಕೂಲಿ ಏರಿಸಿ ಅಂದರೆ ಆಗ ಜಗಲಿ ತುಂಬ ಚರ್ಚೆ. ಈಗ ಮರ ಹತ್ತುವವರೇ ಸಿಗೋದಿಲ್ಲ. ಮಕ್ಕಳನ್ನು ಆ ಕೆಲಸಕ್ಕೆ ಹಾಕೋದು ಬೇಡ ಅಂತ ಅವರೂ ತೀರ್ಮಾನ ಮಾಡಿದರು. ಮಾಡದೆ ಇನ್ನೇನು?

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ದುರ್ಗಿಗುಡಿಯ ಆ ಅಂಗಡಿ ಮುಚ್ಚಿ ಬಹಳ ಕಾಲವಾಯಿತಂತೆ. ಹುಡುಗ ಬೆಂಗಳೂರಲ್ಲಿ ಯಾವುದೋ ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಾನಂತೆ. ಒಳ್ಳೇದಾಯ್ತು, ಒಳ್ಳೆ ಸಂಬಳ ಇರಲಿ ಅಂದೆ.

"ನಮ್ಮ ಅಡಿಕೆ ಲೆಕ್ಕದ ಕಂಪ್ಯೂಟರೂ ಗರಗರ ಅಂತಿದೆ ಮಾರಾಯ್ತಿ," ಅಂದ ಅಣ್ಣ. "ಸಾಗರದಿಂದ ಒಬ್ಬರು ಬರ್ತಾರೆ. ಅವರು ಹೇಳಿದಷ್ಟು ಕೊಡೋದೇ."